ವ್ಯಕ್ತಿ ಪರಿಚಯ: ಸರ್ ಸಿ. ವಿ. ರಾಮನ್ – ಬೆಳಕಿನ ಗೆರೆಯಲ್ಲಿ ಅಣುವಿನ ಗುರುತು ಕಂಡವರು



ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಪತ್ತಿಕೊಂಡದ ಆಸುಪಾಸಿನ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ಜನ ನೆಲಕ್ಕೆ ಕಣ್ಣು ನೆಟ್ಟು ನಡೆಯತೊಡಗುತ್ತಾರೆ. ಬಿತ್ತನೆಗೆ ಬಂದವರಲ್ಲ, ವಜ್ರ ಹುಡುಕಲು ಬಂದವರು. ಮಳೆನೀರು ಮೇಲ್ಮಣ್ಣು ತೊಳೆದಾಗ ಕಲ್ಲೊಂದು ಮಿನುಗೀತು, ಮನೆಯ ಸಾಲ ತೀರೀತು ಎಂಬ ಆಸೆ. ಕೈಗೆ ಸಿಕ್ಕ ಕಲ್ಲು ವಜ್ರವೋ ಬರೀ ಬೆಣಚುಕಲ್ಲೋ ಎಂದು ಹೇಳುವುದು ಮಾತ್ರ ಸುಲಭವಲ್ಲ. ಇವತ್ತು ರತ್ನ ಪರೀಕ್ಷೆಯ ಪ್ರಯೋಗಾಲಯಕ್ಕೆ ಆ ಕಲ್ಲನ್ನು ಕೊಂಡೊಯ್ದರೆ ಅದರ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುತ್ತಾರೆ. 1332 ಎಂಬ ಅಂಕಿಯ ಬಳಿ ಒಂದೇ ಒಂದು ಚೂಪಾದ ಗೆರೆ ಕಂಡರೆ ಅದು ವಜ್ರ. 464ರ ಬಳಿ ಕಂಡರೆ ಬೆಣಚುಕಲ್ಲು. ಗಾಜಾದರೆ ಚೂಪಾದ ಗೆರೆಯೇ ಇರುವುದಿಲ್ಲ, ಅಗಲವಾದ ಮಸುಕು ದಿಬ್ಬ ಮಾತ್ರ.

ಆ ಗೆರೆಗೆ ರಾಮನ್ ಗೆರೆ ಎಂದು ಹೆಸರು. ಆ ಹೆಸರಿನ ಮನುಷ್ಯ ತಮ್ಮ ಬದುಕಿನ ಕೊನೆಯ 37 ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಹುಟ್ಟಿದ್ದು ತಮಿಳು ಮನೆಯಲ್ಲಿ, ಶಾಲೆ ಕಲಿತದ್ದು ತೆಲುಗು ಊರಿನಲ್ಲಿ, ಹೆಸರು ಮಾಡಿದ್ದು ಬಂಗಾಳದಲ್ಲಿ, ಮಣ್ಣಾದದ್ದು ಕನ್ನಡದ ನೆಲದಲ್ಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಚೇರಿಯ ಅರ್ಜಿಯಲ್ಲಿ ಇನ್ನೊಂದು ಎಂದು ಬಾಳುವ ಗಡಿಯೂರಿನ ನಮಗೆ ಇಂಥ ಬದುಕು ಹೊಸದಲ್ಲ. ಈ ಸಲದ ವ್ಯಕ್ತಿ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇವೆ. ಅವರು ಕಂಡುಹಿಡಿದ ಸಂಗತಿ ಇವತ್ತು ಲೋಹದ ಮೇಲೆ ಅಂಟಿಕೊಂಡ ಅನಿಲದ ಅಣುಗಳನ್ನು ಗುರುತಿಸುವವರೆಗೆ ಹೇಗೆ ಬಂತು ಎಂಬುದನ್ನೂ ಕೊನೆಯಲ್ಲಿ ಹೇಳುತ್ತೇವೆ.

ಹುಟ್ಟು, ಓದು

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿ ಬಳಿಯ ತಿರುವಾನೈಕಾವಲ್‌ನಲ್ಲಿ. ತಾಯಿ ಪಾರ್ವತಿ ಅಮ್ಮಾಳ್. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಮಗ ಇನ್ನೂ ಚಿಕ್ಕವನಿರುವಾಗಲೇ ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೀಗಾಗಿ ಹುಡುಗ ಬೆಳೆದದ್ದು ಆಂಧ್ರದ ಕಡಲತೀರದಲ್ಲಿ. ಮನೆ ತುಂಬ ಪುಸ್ತಕ, ಜೊತೆಗೆ ಅಪ್ಪನ ಪಿಟೀಲು. 11ನೇ ವಯಸ್ಸಿಗೆ ಮೆಟ್ರಿಕ್ಯುಲೇಶನ್ ಮುಗಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದಾಗ ಇಷ್ಟು ಚಿಕ್ಕ ಹುಡುಗ ಬಿ.ಎ. ತರಗತಿಯಲ್ಲಿ ಏನು ಮಾಡುತ್ತಿದ್ದಾನೆ ಎಂದು ಪ್ರಾಧ್ಯಾಪಕರೇ ಬೆರಗಾದರಂತೆ. 1904ರಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ., 1907ರಲ್ಲಿ ಎಂ.ಎ. ಎಂ.ಎ. ಮುಗಿಯುವ ಮೊದಲೇ, 1906ರಲ್ಲಿ, ಬೆಳಕಿನ ಬಗೆಗಿನ ಅವರ ಮೊದಲ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರ್ಷ. ಯಾರೂ ಜೊತೆಗಿರಲಿಲ್ಲ, ಮಾರ್ಗದರ್ಶಕರೂ ಇರಲಿಲ್ಲ.

ಮುಂದೆ ಓದಲು ಇಂಗ್ಲೆಂಡಿಗೆ ಹೋಗಬೇಕಿತ್ತು. ದೇಹ ಪರೀಕ್ಷೆ ಮಾಡಿದ ವೈದ್ಯರು, ಅಲ್ಲಿನ ಚಳಿ ಈ ಹುಡುಗನಿಗೆ ಆಗದು ಎಂದು ತಡೆದರು. ವಿಜ್ಞಾನವನ್ನೇ ನೆಚ್ಚಿ ಹೊಟ್ಟೆ ಹೊರೆಯುವ ದಾರಿ ಆ ಕಾಲದ ಭಾರತೀಯನಿಗೆ ಇರಲಿಲ್ಲ. ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲಿಗರಾಗಿ ಪಾಸಾದರು. ಅದೇ 1907ರಲ್ಲಿ ಲೋಕಸುಂದರಿ ಅವರನ್ನು ಮದುವೆಯಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೊರಟರು.

ಹಗಲು ಲೆಕ್ಕ, ಬೆಳಗು ಬೈಗು ಬೆಳಕು

ಕಲ್ಕತ್ತೆಯ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲೆ ಒಂದು ಬೋರ್ಡು ಇತ್ತು. ವಿಜ್ಞಾನವನ್ನು ಬೆಳೆಸಲೆಂದು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಸಂಘ ಅದು. ಉಪಕರಣ ಇದ್ದವು, ಬಳಸುವವರು ಇರಲಿಲ್ಲ. ರಾಮನ್ ಒಂದು ದಿನ ಆ ಬಾಗಿಲು ತಟ್ಟಿದರು. ಅಲ್ಲಿಂದ ಹತ್ತು ವರ್ಷ ಅವರ ದಿನಚರಿ ಹೀಗೆ: ನಸುಕಿನಲ್ಲಿ ಪ್ರಯೋಗಾಲಯ, ಹಗಲು ಸರ್ಕಾರದ ಲೆಕ್ಕಪತ್ರ, ಸಂಜೆ ಮತ್ತೆ ಪ್ರಯೋಗಾಲಯ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಅಲ್ಲಿಯೂ ಮನೆಯ ಮೂಲೆಯಲ್ಲೇ ಕೆಲಸ ಮುಂದುವರಿಯಿತು. 1911ರಲ್ಲಿ ಕಲ್ಕತ್ತೆಗೆ ಮರಳಿದರು.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದರು. ಸಂಬಳ ಸುಮಾರು ಅರ್ಧಕ್ಕೆ ಇಳಿಯುವ ಕೆಲಸ. ಭದ್ರವಾದ ಸರ್ಕಾರಿ ಹುದ್ದೆ, ಮುಂದೆ ಬರಲಿದ್ದ ಬಡ್ತಿ ಎರಡನ್ನೂ ಬಿಟ್ಟು ರಾಮನ್ ಒಪ್ಪಿಕೊಂಡರು. ಮನೆಯವರೆಲ್ಲ ಮೆಚ್ಚುವ ನಿರ್ಧಾರ ಅದಾಗಿರಲಿಲ್ಲ. ಆದರೆ ಹಿಂದಿನ ಹತ್ತು ವರ್ಷ ಕದ್ದುಮುಚ್ಚಿ ಹೊಂದಿಸಿದ ಹೊತ್ತೆಲ್ಲ ಇನ್ನು ಮೇಲೆ ಅವರದೇ ಆಯಿತು.

ಆ ದಿನಗಳಲ್ಲಿ ಅವರ ಗಮನ ಹೆಚ್ಚಾಗಿ ನಾದದ ಮೇಲಿತ್ತು. ವೀಣೆ, ತಂಬೂರಿ, ಪಿಟೀಲುಗಳ ತಂತಿ ಹೇಗೆ ಕಂಪಿಸುತ್ತದೆ ಎಂದು ಅಳೆದರು. ಮೃದಂಗ, ತಬಲದ ಬಗ್ಗೆ ಅವರು ಕಂಡದ್ದು ನಮ್ಮ ಕಡೆಯ ಭಜನೆ ಮೇಳದವರಿಗೂ ಹಿಡಿಸುವಂಥದು. ಸಾಮಾನ್ಯವಾಗಿ ಚರ್ಮವಾದ್ಯದಿಂದ ಸದ್ದು ಬರುತ್ತದೆ, ಶ್ರುತಿಬದ್ಧ ಸ್ವರ ಬರುವುದಿಲ್ಲ. ಮೃದಂಗದ ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆ, ಅದರ ತೂಕದಿಂದ, ಚರ್ಮದ ಬೇರೆಬೇರೆ ಕಂಪನಗಳನ್ನು ತಂತಿಯ ಸ್ವರಗಳಂತೆ ಹೊಂದಿಸಿಬಿಡುತ್ತದೆ. ನಮ್ಮ ಹಿರಿಯರು ಕೈಯಿಂದ ಕಂಡುಕೊಂಡಿದ್ದನ್ನು ರಾಮನ್ ಲೆಕ್ಕದಿಂದ ತೋರಿಸಿದರು.

ಕಡಲಿನ ನೀಲಿ, ಕುಲುಮೆಯ ನೀಲಿ

1921ರಲ್ಲಿ ಅವರು ಮೊದಲ ಬಾರಿ ಇಂಗ್ಲೆಂಡಿಗೆ ಹೋದರು. ಮರಳುವಾಗ ನರ್ಕುಂಡಾ ಎಂಬ ಹಡಗಿನ ಅಟ್ಟದ ಮೇಲೆ ನಿಂತು ಮೆಡಿಟರೇನಿಯನ್ ಕಡಲಿನ ಕಡು ನೀಲಿಯನ್ನು ನೋಡಿದರು. ಕಡಲು ನೀಲಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ದೊಡ್ಡ ವಿಜ್ಞಾನಿಗಳೇ ಹೇಳಿದ್ದ ಕಾಲ. ರಾಮನ್ ಜೇಬಿನಲ್ಲಿದ್ದ ಸಣ್ಣ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲಿಂದ ಪ್ರತಿಫಲಿಸಿದ ಬೆಳಕನ್ನು ತಡೆದರು. ಪ್ರತಿಬಿಂಬ ಹೋಯಿತು, ನೀಲಿ ಮಾತ್ರ ಇನ್ನೂ ಗಾಢವಾಯಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ. ಹಡಗಿನಲ್ಲೇ ಲೇಖನ ಬರೆದರು. ಕಲ್ಕತ್ತೆಗೆ ಬಂದಮೇಲೆ ಇಡೀ ತಂಡವನ್ನು ಬೆಳಕಿನ ಚದುರಿಕೆಯ ಕೆಲಸಕ್ಕೆ ಹಚ್ಚಿದರು. ನೀರು, ಮಂಜುಗಡ್ಡೆ, ಎಣ್ಣೆ, ಆವಿ, ಗಾಜು ಯಾವುದನ್ನೂ ಬಿಡಲಿಲ್ಲ.

ಈ ಕಾಲದ ಇನ್ನೊಂದು ಸಣ್ಣ ಕೆಲಸ ನಮ್ಮ ಈ ಲೇಖನಕ್ಕೆ ಮುಖ್ಯ. ಕುಲುಮೆಯಲ್ಲಿ ಕಮ್ಮಾರ ಉಳಿಗೆ ಹದ ಕೊಡುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು ಕಾಯುತ್ತ ಹೋದಂತೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಹಳದಿ ಬರುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಿ ಸುಮಾರು 300ರಲ್ಲಿ. ಗಾಳಿಯ ಆಮ್ಲಜನಕ ಉಕ್ಕಿನ ಮೈಗೆ ಅಂಟಿ, ಕಬ್ಬಿಣದೊಂದಿಗೆ ಕೂಡಿ, ತೆಳುವಾದ ಪೊರೆ ಕಟ್ಟುವುದರ ಫಲ ಈ ಬಣ್ಣ. ರಾಮನ್ 1922ರಲ್ಲಿ ನೇಚರ್ ಪತ್ರಿಕೆಯಲ್ಲಿ ಹದಗೊಳಿಸಿದ ಉಕ್ಕಿನ ಈ ಬಣ್ಣಗಳ ಬಗ್ಗೆ ಬರೆದರು. ದ್ರವ ಮತ್ತು ಘನವಸ್ತುಗಳ ಮೇಲ್ಮೈ ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬುದನ್ನೂ ಶಿಷ್ಯ ಎಲ್. ಎ. ರಾಮದಾಸ್ ಅವರೊಂದಿಗೆ ಅಭ್ಯಸಿಸಿದರು. ವಸ್ತುವಿನ ಒಳಗೆ ಮಾತ್ರವಲ್ಲ, ಅದರ ಮೈಮೇಲೆ ಏನು ನಡೆಯುತ್ತದೆ ಎಂಬ ಕುತೂಹಲವೂ ಅವರಿಗೆ ಮೊದಲಿನಿಂದ ಇತ್ತು.

1928ರ ಫೆಬ್ರವರಿ

1923ರಲ್ಲೇ ಶಿಷ್ಯ ಕೆ. ಆರ್. ರಾಮನಾಥನ್ ಒಂದು ವಿಚಿತ್ರ ಕಂಡಿದ್ದರು. ದ್ರವದ ಮೂಲಕ ಚದುರಿದ ಬೆಳಕಿನಲ್ಲಿ, ಒಳಗೆ ಬಿಟ್ಟ ಬಣ್ಣದ ಜೊತೆಗೆ ಬೇರೊಂದು ಮಂಕು ಬಣ್ಣ ಇತ್ತು. ದ್ರವದಲ್ಲಿರುವ ಕಲ್ಮಶವಿರಬಹುದೆಂದು ಮತ್ತೆ ಮತ್ತೆ ಶುದ್ಧಗೊಳಿಸಿದರು. ಬಣ್ಣ ಹೋಗಲಿಲ್ಲ. ಐದು ವರ್ಷ ಆ ಮಂಕು ಬೆಳಕು ಅವರನ್ನು ಕಾಡಿತು. 1928ರ ಜನವರಿಯಲ್ಲಿ ವೆಂಕಟೇಶ್ವರನ್ ಎಂಬ ಇನ್ನೊಬ್ಬ ಶಿಷ್ಯ ಶುದ್ಧ ಗ್ಲಿಸರಿನ್‌ನಲ್ಲಿ ಅದನ್ನೇ ಇನ್ನೂ ಸ್ಪಷ್ಟವಾಗಿ ಕಂಡರು. ರಾಮನ್ ಕೆ. ಎಸ್. ಕೃಷ್ಣನ್ ಅವರನ್ನು ಈ ಕೆಲಸಕ್ಕೆ ಕೂರಿಸಿದರು. ಫೆಬ್ರವರಿ ತುಂಬ ಇಬ್ಬರೂ ಒಂದಾದ ಮೇಲೊಂದು ದ್ರವವನ್ನು, ಆವಿಯನ್ನು ಪರೀಕ್ಷಿಸಿದರು.

ಬಳಸಿದ ಸಾಮಾನು ನೋಡಿದರೆ ನಂಬುವುದು ಕಷ್ಟ. ಬೆಳಕಿಗೆ ಸೂರ್ಯ. ಅದನ್ನು ಒಂದೆಡೆ ಕೂಡಿಸಲು ದೂರದರ್ಶಕದ ಮಸೂರ. ಒಂದು ನೇರಳೆ ಗಾಜು, ಒಂದು ಹಸಿರು ಗಾಜು. ಅಳೆಯುವ ಯಂತ್ರವೆಂದರೆ ಮನುಷ್ಯನ ಕಣ್ಣು. ನೇರಳೆ ಗಾಜಿನಿಂದ ಸೋಸಿದ ಬೆಳಕು ದ್ರವದೊಳಗೆ ಹೋಗುತ್ತದೆ. ಚದುರಿದ ಬೆಳಕೂ ಬರೀ ನೇರಳೆಯೇ ಆಗಿದ್ದರೆ ಹಸಿರು ಗಾಜಿನ ಹಿಂದಿನಿಂದ ನೋಡಿದಾಗ ಕತ್ತಲೆ ಕಾಣಬೇಕು. ಕತ್ತಲೆ ಕಾಣಲಿಲ್ಲ, ಬೆಳಕಿನ ಜಾಡು ಕಂಡಿತು. ಫೆಬ್ರವರಿ 28ರಂದು ನೇರ ರೋಹಿತದರ್ಶಕದಲ್ಲಿ ನೋಡಿದಾಗ ಚದುರಿದ ಬೆಳಕಿನಲ್ಲಿ ಹೊಸ ಬಣ್ಣ ಬೇರೆಯಾಗಿಯೇ ನಿಂತಿತ್ತು. ಆ ದಿನವನ್ನೇ ನಾವು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿದ್ದೇವೆ.

ಇದರ ಅರ್ಥ ಇಷ್ಟು. ಅಣುವೆಂದರೆ ಸ್ಪ್ರಿಂಗಿನಿಂದ ಕಟ್ಟಿದ ಗುಂಡುಗಳಂತೆ, ಸದಾ ತನ್ನದೇ ಲಯದಲ್ಲಿ ಕಂಪಿಸುತ್ತಿರುತ್ತದೆ. ಬೆಳಕಿನ ಕಣ ಅದಕ್ಕೆ ತಾಗಿದಾಗ ಬಹುಪಾಲು ಬಂದಷ್ಟೇ ಶಕ್ತಿಯಿಂದ ಚದುರಿಹೋಗುತ್ತದೆ. ಸುಮಾರು ಒಂದು ಕೋಟಿಯಲ್ಲಿ ಒಂದು ಕಣ ಮಾತ್ರ ಅಣುವಿಗೆ ಸ್ವಲ್ಪ ಶಕ್ತಿ ಕೊಟ್ಟು, ಅಥವಾ ಅದರಿಂದ ಪಡೆದು, ಬಣ್ಣ ಬದಲಿಸಿಕೊಂಡು ಹೊರಡುತ್ತದೆ. ಎಷ್ಟು ಬದಲಾಯಿತು ಎಂಬುದು ಆ ಅಣುವಿನ ಲಯಕ್ಕೆ ತಕ್ಕಂತೆ. ಹಾಗಾಗಿ ಬಣ್ಣದ ವ್ಯತ್ಯಾಸ ಅಳೆದರೆ ಅಣು ಯಾವುದು ಎಂದು ಹೇಳಬಹುದು. ಸಂತೆಯ ಗದ್ದಲದಲ್ಲೂ ಕೆಮ್ಮಿನ ಸದ್ದಿನಿಂದಲೇ ನಮ್ಮವರನ್ನು ಗುರುತಿಸುವ ಹಾಗೆ.

ಮಾರ್ಚ್ 16ರಂದು ರಾಮನ್ ಈ ಹೊಸ ವಿಕಿರಣದ ಬಗ್ಗೆ ವಿಜ್ಞಾನಿಗಳ ಸಭೆಯಲ್ಲಿ ವಿವರವಾದ ಉಪನ್ಯಾಸ ಕೊಟ್ಟರು. ಅದು ನಡೆದದ್ದು ಕಲ್ಕತ್ತೆಯಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಸೇರಿದ್ದ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ. ಅದೇ ಸುಮಾರಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಶ್ಟಾಮ್ ಎಂಬಿಬ್ಬರು ಹರಳುಗಳಲ್ಲಿ ಇದನ್ನೇ ಕಂಡಿದ್ದರು. ಆದರೆ ಅವರ ವರದಿ ಅಚ್ಚಾಗುವ ಮೊದಲೇ ರಾಮನ್ ಅವರ ವರದಿ ಲೋಕಕ್ಕೆ ತಿಳಿದಿತ್ತು. 1929ರಲ್ಲಿ ಸರ್ ಪದವಿ ಬಂತು. 1930ರ ನೊಬೆಲ್ ಪ್ರಶಸ್ತಿ ರಾಮನ್ ಒಬ್ಬರಿಗೇ ಸಂದಿತು. ಆ ತಿಂಗಳುಗಳ ಕೆಲಸದಲ್ಲಿ ಕೃಷ್ಣನ್ ಅವರ ಪಾಲು ದೊಡ್ಡದಿತ್ತು ಎಂಬುದನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಬೆಂಗಳೂರಿಗೆ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ನಿರ್ದೇಶಕರಾಗಿ ಬಂದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ ಅವರು. ಬಿಟ್ಟುಬಂದ ಕಲ್ಕತ್ತೆಯಲ್ಲಿ ಹೊರಗಿನವರು, ಒಳಗಿನವರು ಎಂಬ ಮಾತು ಬೆಳೆದು, ಮರುವರ್ಷ ಅವರು ಕಟ್ಟಿಬೆಳೆಸಿದ್ದ ಸಂಘದ ಆಡಳಿತವೇ ಕೈತಪ್ಪಿತು. ಗಡಿಯವರಾದ ನಮಗೆ ಆ ನೋವಿನ ರುಚಿ ಗೊತ್ತು. ದುಡಿದ ಮನೆಯಲ್ಲೇ ಒಂದು ದಿನ ನೀವು ಯಾವ ಕಡೆಯವರು ಎಂದು ಕೇಳಿಸಿಕೊಳ್ಳುವುದು.

ಬೆಂಗಳೂರಿನಲ್ಲೂ ಹಾದಿ ಮೆತ್ತಗಿರಲಿಲ್ಲ. ಭೌತಶಾಸ್ತ್ರ ವಿಭಾಗವನ್ನು ಹೊಸದಾಗಿ ಕಟ್ಟಿದರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿ ಇಲ್ಲೇ ಉಳಿಸಿಕೊಳ್ಳಲು ನೋಡಿದರು, ಸಾಧ್ಯವಾಗಲಿಲ್ಲ. ಹಣವೆಲ್ಲ ಭೌತಶಾಸ್ತ್ರಕ್ಕೇ ಹೋಗುತ್ತಿದೆ, ಯಾರ ಮಾತನ್ನೂ ಕೇಳುವುದಿಲ್ಲ ಎಂಬ ದೂರು ಎದ್ದಿತು. ವಿಚಾರಣೆಯ ಸಮಿತಿ ಬಂತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ದುಡಿದರು. ಅವರ ಮಾತು ಒರಟು, ಸಹನೆ ಕಡಿಮೆ. ದೂರಿನಲ್ಲಿ ಒಂದಿಷ್ಟು ಸತ್ಯವೂ ಇತ್ತು.

ಇನ್ನೊಂದು ತಪ್ಪನ್ನೂ ಮುಚ್ಚಿಡಬಾರದು. 1933ರಲ್ಲಿ ಬೊಂಬಾಯಿಯಿಂದ ಪದವಿಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಎಂಬ ಹುಡುಗಿಗೆ, ಹೆಣ್ಣು ಎಂಬ ಒಂದೇ ಕಾರಣಕ್ಕೆ, ರಾಮನ್ ಪ್ರವೇಶ ಇಲ್ಲವೆಂದರು. ಆಕೆ ಹಿಂದೆ ಸರಿಯಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಷರತ್ತಿನ ಮೇಲೆ ಸೇರಿಸಿಕೊಂಡರು. ಆ ವರ್ಷದ ಕೆಲಸ ನೋಡಿ ರಾಮನ್ ಮಣಿದರು, ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಆಕೆ ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಕಮಲಾ ಸೊಹೋನಿ ಎಂದು ಹೆಸರಾದರು. ಕೆಲವೇ ವರ್ಷಗಳಲ್ಲಿ ಅನ್ನಾ ಮಣಿ ಇದೇ ಪ್ರಯೋಗಾಲಯದಲ್ಲಿ ರಾತ್ರಿಗಟ್ಟಲೆ ಕುಳಿತು ವಜ್ರ, ಮಾಣಿಕ್ಯಗಳ ರೋಹಿತ ತೆಗೆದರು. ಮಾಡಿದ ಕೆಲಸಕ್ಕೆ ತಕ್ಕ ಡಾಕ್ಟರೇಟ್ ಆಕೆಗೆ ಸಿಗಲಿಲ್ಲ. ಎಂ.ಎಸ್‌ಸಿ. ಇಲ್ಲವೆಂಬುದು ಕೊಟ್ಟ ಕಾರಣ. ಆಕೆ ದೊಡ್ಡ ಹವಾಮಾನ ವಿಜ್ಞಾನಿಯಾಗಿ ಬೆಳೆದದ್ದು ಆ ಕಾಗದದ ಹಂಗಿಲ್ಲದೆ.

ವಜ್ರದ ಹುಚ್ಚು

ನಮ್ಮ ಸೀಮೆಯವರಂತೆ ರಾಮನ್ ಅವರಿಗೂ ವಜ್ರದ ಹುಚ್ಚು ಇತ್ತು. ಅವರ ಬಳಿ ಮುನ್ನೂರರಷ್ಟು ವಜ್ರಗಳು ಸೇರಿದ್ದವು. ಮಾರಲಿಕ್ಕಲ್ಲ, ತೊಡಲಿಕ್ಕೂ ಅಲ್ಲ. ವಜ್ರವೆಂದರೆ ಅಪ್ಪಟ ಇಂಗಾಲ, ಒಂದೇ ಬಗೆಯ ಪರಮಾಣು ಎಲ್ಲ ಕಡೆಗೂ ಒಂದೇ ಕ್ರಮದಲ್ಲಿ ಕೂತ ಮನೆ. ಹರಳಿನೊಳಗಿನ ಕಂಪನ ಅರಿಯಲು ಇದಕ್ಕಿಂತ ಸರಳ ವಸ್ತು ಇಲ್ಲವೆಂದು ಅವರು ನಂಬಿದರು. 1940ರ ದಶಕ ಪೂರ್ತಿ ಅದರ ಹಿಂದೆ ಬಿದ್ದರು.

ಇಲ್ಲೇ ಅವರಿಗೂ ಮ್ಯಾಕ್ಸ್ ಬಾರ್ನ್ ಅವರಿಗೂ ದೊಡ್ಡ ವಾಗ್ವಾದ ಹತ್ತಿತು. ಹರಳಿನಲ್ಲಿ ಎಣಿಸಬಹುದಾದ ಕೆಲವೇ ಕಂಪನಗಳಿವೆ ಎಂಬುದು ರಾಮನ್ ಅವರ ವಾದ. ಕಂಪನಗಳು ಒಂದಕ್ಕೊಂದು ಅಂಟಿಕೊಂಡಂತೆ ಲೆಕ್ಕವಿಲ್ಲದಷ್ಟಿವೆ ಎಂಬುದು ಬಾರ್ನ್ ಅವರ ವಾದ. ವರ್ಷಗಟ್ಟಲೆ ನಡೆದ ಆ ಜಗಳದಲ್ಲಿ ಕೊನೆಗೆ ನಿಂತದ್ದು ಬಾರ್ನ್ ಅವರ ಸಿದ್ಧಾಂತ. ರಾಮನ್ ಸೋಲನ್ನು ಒಪ್ಪಲಿಲ್ಲ. ಅದರ ಬೆಲೆಯನ್ನೂ ತೆತ್ತರು. ಬೇರೆ ದೇಶದ ವಿಜ್ಞಾನಿಗಳಿಂದ ದೂರವಾದರು, ಒಂಟಿಯಾದರು. ಆದರೆ ಆ ಹಟದಲ್ಲಿ ಅವರ ಶಿಷ್ಯರು ತೆಗೆದ ರೋಹಿತಗಳು ಅಷ್ಟು ಸ್ಪಷ್ಟವಾಗಿದ್ದವು ಎಂದರೆ, ಬಾರ್ನ್ ಅವರ ಪಕ್ಷದವರೂ ತಮ್ಮ ಲೆಕ್ಕ ಸರಿಯೋ ಎಂದು ನೋಡಲು ಅವುಗಳನ್ನೇ ಬಳಸಿಕೊಂಡರು.

ಸ್ವಂತ ಮನೆ

1934ರಲ್ಲಿ ರಾಮನ್ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅದಕ್ಕೆ 11 ಎಕರೆ ಜಾಗ ಕೊಟ್ಟರು, 1935ರಲ್ಲಿ ರಾಜಸಭಾಭೂಷಣ ಬಿರುದು ನೀಡಿ ಗೌರವಿಸಿದರು. ಆ ಜಾಗದಲ್ಲಿ, ಅಕಾಡೆಮಿಯ ಪಕ್ಕದಲ್ಲೇ, ನಿವೃತ್ತಿಯ ಹೊತ್ತಿಗೆ ರಾಮನ್ ಸಂಶೋಧನಾ ಸಂಸ್ಥೆ ಎದ್ದು ನಿಂತಿತು. ಹಣಕ್ಕಾಗಿ ಊರೂರು ತಿರುಗಿ ದಾನ ಬೇಡಿದರು. ವಿಜ್ಞಾನಿಯೊಬ್ಬ ಕೈಯೊಡ್ಡುವುದು ನಾಚಿಕೆಯ ಕೆಲಸವೆಂದು ಅವರಿಗೆ ಅನಿಸಲಿಲ್ಲ. ಸರ್ಕಾರದ ಹಣ ಮಾತ್ರ ಬೇಡವೆಂದರು, ಹಣದ ಹಿಂದೆ ವರದಿ, ಅಪ್ಪಣೆ ಎಲ್ಲ ಬರುತ್ತವೆ ಎಂಬ ಭಯ. 1954ರಲ್ಲಿ ಭಾರತರತ್ನ ಪಡೆದ ಮೊದಲ ಮೂವರಲ್ಲಿ ಅವರೂ ಒಬ್ಬರು.

ಅಲ್ಲಿನ ತೋಟದಲ್ಲಿ ಗುಲಾಬಿ ಬೆಳೆದರು, ಮರ ನೆಟ್ಟರು. ಚಿಟ್ಟೆ, ಕಪ್ಪೆಚಿಪ್ಪು, ಮುತ್ತು, ಹೊಳೆಯುವ ಕಲ್ಲು ಕೂಡಿಟ್ಟರು. ಹೂವಿನ ಬಣ್ಣ ಎಲ್ಲಿಂದ, ಕಣ್ಣು ಬಣ್ಣವನ್ನು ಹೇಗೆ ತಿಳಿಯುತ್ತದೆ ಎಂದು ಕೊನೆಯವರೆಗೂ ಹುಡುಕಿದರು. ಶಾಲೆಯ ಮಕ್ಕಳು ಬಂದರೆ ಕತ್ತಲೆ ಕೋಣೆಗೆ ಕರೆದೊಯ್ದು, ನೇರಳಾತೀತ ಬೆಳಕಿನಲ್ಲಿ ಕಲ್ಲುಗಳು ಬಣ್ಣಬಣ್ಣವಾಗಿ ಹೊಳೆಯುವುದನ್ನು ತಾವೇ ನಿಂತು ತೋರಿಸುತ್ತಿದ್ದರು.

1970ರ ಅಕ್ಟೋಬರ್ 2ರಂದು ಪ್ರತಿವರ್ಷದಂತೆ ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ಅದೇ ಕೊನೆಯದಾಯಿತು. ನವೆಂಬರ್ 21ರ ನಸುಕಿನಲ್ಲಿ, 82ನೇ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ಅಂಗಳದಲ್ಲೇ ದಹನ ನಡೆಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಪ್ರತಿಮೆಯಿಲ್ಲ. ಒಂದು ಮರವಿದೆ.

ಅವರು ನೋಡದೆ ಹೋದ ಫಲ

ಈಗ ಲೋಹ ಮತ್ತು ಅನಿಲದ ಮಾತಿಗೆ ಬರೋಣ. ಹಬ್ಬಕ್ಕೆಂದು ತೆಗೆದಿಟ್ಟ ಬೆಳ್ಳಿ ದೀಪ ಯಾರೂ ಮುಟ್ಟದಿದ್ದರೂ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಒಂದಿಷ್ಟು ಗಂಧಕದ ಅನಿಲ ಬಂದು ಅದರ ಮೈಗೆ ಅಂಟುವುದೇ ಕಾರಣ. ಕಣ್ಣಿಗೆ ಕಾಣುವ ಎಲ್ಲ ಲೋಹದ ಮೇಲೂ ಹೀಗೆ ಅನಿಲದ ಅಣುಗಳ ತೆಳು ಪದರ ಕೂತಿರುತ್ತದೆ. ಹೀರಿ ಒಳಗೆ ಹೋಗುವುದಿಲ್ಲ, ಮೈಮೇಲೆ ಮಾತ್ರ ಕೂರುತ್ತದೆ. ಇದು ಬರೀ ಕೊಳೆಯ ವಿಷಯವಲ್ಲ. ನಮ್ಮ ಹೊಲಕ್ಕೆ ಹಾಕುವ ಯೂರಿಯಾಕ್ಕೆ ಬೇಕಾದ ಅಮೋನಿಯಾ ಹುಟ್ಟುವುದು ಕಬ್ಬಿಣದ ಮೇಲೆ. ಸಾರಜನಕ ಅಲ್ಲಿ ಅಂಟಿದಾಗ ಅದರ ಗಟ್ಟಿ ಬಂಧ ಬಿಡುತ್ತದೆ, ಜಲಜನಕ ಬಂದು ಕೂಡುತ್ತದೆ. ಕಾರಿನ ಹೊಗೆಕೊಳವೆಯಲ್ಲಿರುವ ಪ್ಲಾಟಿನಂ ಮೇಲೆ ವಿಷದ ಕಾರ್ಬನ್ ಮಾನಾಕ್ಸೈಡ್ ಅಂಟಿ, ಆಮ್ಲಜನಕದೊಂದಿಗೆ ಕೂಡಿ, ಅಷ್ಟು ಕೇಡಿಲ್ಲದ ಅನಿಲವಾಗಿ ಹೊರಡುತ್ತದೆ. ಯಾವ ಅಣು ಎಲ್ಲಿ ಕೂತಿದೆ, ಹೇಗೆ ಕೂತಿದೆ ಎಂದು ತಿಳಿದರೆ ಒಳ್ಳೆಯ ಗೊಬ್ಬರದ ಕಾರ್ಖಾನೆ, ಕಡಿಮೆ ಹೊಗೆಯ ವಾಹನ ಮಾಡಬಹುದು.

ನೋಡುವುದು ಹೇಗೆ? ಒಂದು ಚದರ ಸೆಂಟಿಮೀಟರ್ ಲೋಹದ ಮೈಯಲ್ಲಿ ಸುಮಾರು ಒಂದರ ಮುಂದೆ 15 ಸೊನ್ನೆಯಷ್ಟು ಪರಮಾಣುಗಳಿವೆ. ಕೇಳಲು ದೊಡ್ಡದು, ಆದರೆ ಒಂದು ಹನಿ ನೀರಿನಲ್ಲಿರುವ ಅಣುಗಳು ಅದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚು. 1950ರ ದಶಕದಲ್ಲಿ ಅಮೆರಿಕದಲ್ಲಿ ಐಶೆನ್ಸ್ ಮತ್ತು ಸಂಗಡಿಗರು ಅವಕೆಂಪು ಬೆಳಕು ಹಾಯಿಸಿ ಲೋಹದ ಮೇಲಿನ ಕಾರ್ಬನ್ ಮಾನಾಕ್ಸೈಡನ್ನು ಕಂಡರು. ಬಿಡಿಯಾಗಿ ತೇಲುವಾಗ ಆ ಅಣುವಿನ ಕಂಪನದ ಅಂಕಿ 2143. ಪ್ಲಾಟಿನಂನ ಒಂದು ಪರಮಾಣುವಿನ ನೆತ್ತಿಯ ಮೇಲೆ ನೆಟ್ಟಗೆ ಕೂತರೆ ಅದು 2100ಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಎರಡು ಪರಮಾಣುಗಳ ನಡುವೆ ಸೇತುವೆಯಂತೆ ಕೂತರೆ 1850ರ ಸುತ್ತ ಬರುತ್ತದೆ. ಲೋಹ ತನ್ನ ಎಲೆಕ್ಟ್ರಾನುಗಳನ್ನು ಒಂದಿಷ್ಟು ಅಣುವಿಗೆ ಬಿಟ್ಟುಕೊಟ್ಟು ಅದರ ಒಳಗಿನ ಬಂಧವನ್ನು ಸಡಿಲಿಸುವುದೇ ಇದಕ್ಕೆ ಕಾರಣ. ಅಂಕಿ ಇಳಿದಷ್ಟೂ ಬಂಧ ಸಡಿಲ.

ರಾಮನ್ ವಿಧಾನದಲ್ಲಿ ಇದನ್ನು ಕಾಣುವುದು ಆಗದ ಮಾತು ಎಂದೇ ಹಲವರು ಬಗೆದಿದ್ದರು. ಕೋಟಿಗೊಂದು ಕಣದ ಬೆಳಕು, ಅದೂ ಒಂದೇ ಪದರದ ಅಣುಗಳಿಂದ. ರಾಮನ್ ತೀರಿಕೊಂಡು ನಾಲ್ಕು ವರ್ಷವಾಗುವ ಹೊತ್ತಿಗೆ, 1974ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಎಂಬ ಮೂವರು ಬೆಳ್ಳಿಯ ಮೈಯನ್ನು ವಿದ್ಯುತ್ತಿನಿಂದ ತರಿತರಿ ಮಾಡಿ, ಅದಕ್ಕೆ ಅಂಟಿದ ಪಿರಿಡಿನ್ ಎಂಬ ವಸ್ತುವಿನ ರಾಮನ್ ಗೆರೆಗಳನ್ನು ಚೆನ್ನಾಗಿ ಕಂಡರು. ತರಿಯಾದ ಮೈಯಲ್ಲಿ ಜಾಗ ಹೆಚ್ಚು, ಅಣುಗಳೂ ಹೆಚ್ಚು ಎಂದುಕೊಂಡರು. 1977ರಲ್ಲಿ ಬೇರೆ ಎರಡು ತಂಡಗಳು ಲೆಕ್ಕ ಹಾಕಿ ನೋಡಿದಾಗ ಬೆಳಕು ಹತ್ತು ಲಕ್ಷ ಪಟ್ಟಿನಷ್ಟು ಹೆಚ್ಚಿತ್ತು. ಅಷ್ಟಕ್ಕೆ ಜಾಗದ ಲೆಕ್ಕ ಸಾಲದು. ಬೆಳ್ಳಿಯ ಸಣ್ಣ ಉಬ್ಬುಗಳಲ್ಲಿ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಿ, ಅಲ್ಲಿನ ಬೆಳಕನ್ನೇ ಬಹಳ ಪಟ್ಟು ಹೆಚ್ಚಿಸುತ್ತಿದ್ದವು. ಮುಂದೆ ನಿರ್ವಾತದಲ್ಲಿ ಇಟ್ಟ ಲೋಹದ ಮೇಲಿನ ಅನಿಲಗಳಿಗೂ ಈ ವಿಧಾನ ಬಳಕೆಗೆ ಬಂತು. ರಾಮನ್ ಒಂದು ಕಾಲಕ್ಕೆ ನಿರ್ದೇಶಕರಾಗಿದ್ದ ಸಂಸ್ಥೆಯಲ್ಲೇ ಸಿ. ಎನ್. ಆರ್. ರಾವ್ ಅವರ ತಂಡ, ಎಲೆಕ್ಟ್ರಾನ್ ರೋಹಿತದಂಥ ಬೇರೆ ವಿಧಾನಗಳಿಂದ, ಲೋಹಗಳ ಮೇಲೆ ಅನಿಲ ಅಂಟುವ ಬಗೆಯನ್ನು ವರ್ಷಗಟ್ಟಲೆ ಅಭ್ಯಸಿಸಿತು.

ಮಂಕು ಬೆಳಕೊಂದನ್ನು ಕಲ್ಮಶವೆಂದು ತಳ್ಳಿಹಾಕದೆ ಐದು ವರ್ಷ ಬೆನ್ನು ಹತ್ತಿದ್ದರಿಂದ ಇಷ್ಟೆಲ್ಲ ಆಯಿತು.

ಯಾರವರು ರಾಮನ್?

1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿ ಇತ್ತ ಉಳಿಯಿತು. ಗೆರೆ ಎಳೆದವರು ನಮ್ಮ ಅಡುಗೆಮನೆಯ ಮಾತು ಕೇಳಿ ಎಳೆಯಲಿಲ್ಲ. ಆ ಗೆರೆಯ ಎರಡೂ ಕಡೆ ನಿಂತು ರಾಮನ್ ನಮ್ಮವರು ಎನ್ನಬಹುದು. ತಮಿಳರು, ಬಂಗಾಳಿಗಳು ಸಹ ಹಾಗೆನ್ನಬಹುದು, ಎಲ್ಲವೂ ನಿಜ. ಆದರೆ ದಕ್ಕುವುದು ಹುಟ್ಟಿನ ಊರಿನಿಂದಲ್ಲ, ಅವರ ಕೆಲಸವನ್ನು ಮುಂದುವರಿಸುವುದರಿಂದ. ಕನ್ನಡ ಮಾಧ್ಯಮದಲ್ಲಿ ಓದುವ ಗಡಿಯೂರಿನ ಮಗುವಿಗೆ ವಿಜ್ಞಾನ ದೂರದ ಊರಿನವರ ಕೆಲಸವೆಂದು ಅನಿಸದಿದ್ದರೆ, ಆಗ ರಾಮನ್ ನಿಜವಾಗಿ ನಮ್ಮವರು.

ಹಾಗಾಗಿ ಒಂದು ಮನವಿ. ಬರುವ ಫೆಬ್ರವರಿ 28ರಂದು ನಿಮ್ಮ ಊರಿನ ಕನ್ನಡ ಶಾಲೆಯಲ್ಲಿ ಬರೀ ಹಾರ ಹಾಕಿ ಭಾಷಣ ಮುಗಿಸಬೇಡಿ. ಹಳೆಯ ಸಿ.ಡಿ.ಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರಲ್ಲಿ ಬಿಡಿಸಿಕೊಳ್ಳುವ ಬಣ್ಣಗಳನ್ನು ಮಕ್ಕಳಿಗೆ ತೋರಿಸಿ, ಸೂರ್ಯನನ್ನು ನೇರ ನೋಡದಂತೆ ಎಚ್ಚರ ಹೇಳಿ. ಊರಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಉಜ್ಜಿದ ಉಕ್ಕು ಹಳದಿಯಿಂದ ನೀಲಿಗೆ ತಿರುಗುವುದನ್ನು ದೂರ ನಿಂತು ನೋಡಲು ಹೇಳಿ. ಅದು ಏಕೆ ಎಂದು ಮಗು ಕೇಳಿದರೆ ಉತ್ತರ ತಕ್ಷಣ ಕೊಡಬೇಡಿ. ಒಂದೆರಡು ದಿನ ಯೋಚಿಸಲು ಬಿಡಿ. ರಾಮನ್ ಐದು ವರ್ಷ ಯೋಚಿಸಿದ್ದರು.